ಸಬ್‌ಮರೀನ್ ಹುಡುಕುತ್ತಿದ್ದವರ ಕಿವಿಗೆ ಬಿದ್ದ ಹಾಡು

ಪ್ರಶ್ನೆ: ಮೊಬೈಲಿನಲ್ಲಿ 'ತಿಮಿಂಗಿಲದ ಹಾಡು' ಅಂತ ವಿಡಿಯೋಗಳು ಬರುತ್ತಲೇ ಇರುತ್ತವೆ. ಒಂದೊಂದರಲ್ಲಿ ಒಂದೊಂದು ಥರ ಕೇಳುತ್ತದೆ. ಇವೆಲ್ಲ ನಿಜವೇ? ತಿಮಿಂಗಿಲ ಹಾಡುತ್ತದೆ ಅಂತ ಮೊದಲು ಕಂಡುಹಿಡಿದವರು ಯಾರು? ಜಗತ್ತಿನಲ್ಲೇ ಒಂಟಿಯಾದ ತಿಮಿಂಗಿಲ ಒಂದಿದೆಯಂತೆ, ಹೌದಾ? ನಮ್ಮ ಅರಬ್ಬಿ ಸಮುದ್ರದಲ್ಲಿ ಇಂಥ ಹಾಡನ್ನು ಯಾರಾದರೂ ಕೇಳಿದ್ದಾರಾ? ನಮ್ಮ ಮನೆ ಸಮುದ್ರದ ದಂಡೆಯಲ್ಲೇ ಇದೆ. ನಮಗಂತೂ ಒಂದು ದಿನವೂ ಕೇಳಿಸಿಲ್ಲ.
ಓದುಗರೊಬ್ಬರು, ಹೊನ್ನಾವರ

ಉತ್ತರ:

ಮೊದಲು ದಂಡೆಯ ವಿಷಯ ಮುಗಿಸಿಬಿಡೋಣ. ಸಮುದ್ರದ ಪಕ್ಕ ಎಷ್ಟು ವರ್ಷ ಕೂತರೂ ತಿಮಿಂಗಿಲದ ಹಾಡು ನಿಮಗೆ ಕೇಳಿಸುವುದಿಲ್ಲ. ನೀರೊಳಗೆ ಹುಟ್ಟಿದ ಶಬ್ದ ಮೇಲೆ ಬಂದು ನೀರಿನ ಮೈಗೆ ತಾಗಿದರೆ ಹೆಚ್ಚುಕಡಿಮೆ ಪೂರ್ತಿ ತಿರುಗಿ ಕೆಳಗೇ ಹೋಗುತ್ತದೆ. ಗಾಳಿಗೆ ದಾಟುವ ಶಕ್ತಿ ಸಾವಿರದಲ್ಲಿ ಒಂದು ಪಾಲು ಮಾತ್ರ. ಸಾವಿರಾರು ವರ್ಷ ಕಡಲ ಮೇಲೆ ಓಡಾಡಿದ ಮನುಷ್ಯ ಕೆಳಗೆ ಮೌನ ಅಂದುಕೊಂಡಿದ್ದಕ್ಕೆ ಇದೇ ಕಾರಣ.

ಅಲ್ಲೊಂದು ಇಲ್ಲೊಂದು ಸುಳಿವು ಇತ್ತು ಅನ್ನಿ. 19ನೇ ಶತಮಾನದ ತಿಮಿಂಗಿಲ ಬೇಟೆಗಾರರು ಮರದ ಹಡಗಿನೊಳಗೆ ಮಲಗಿದ್ದಾಗ ಕೆಳಗಿನಿಂದ ಯಾರೋ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಕೇಳುತ್ತಿತ್ತು. ಅದು ಯಾವುದೋ 'ಬಡಗಿ ಮೀನು' ಅಂತ ಅವರ ನಂಬಿಕೆ. ಬಡಿಯುತ್ತಿದ್ದದ್ದು ತಾವೇ ಬೆನ್ನಟ್ಟಿ ಹೊರಟಿದ್ದ ಸ್ಪರ್ಮ್ ತಿಮಿಂಗಿಲ ಅಂತ ಅವರಿಗೆ ಹೊಳೆಯಲಿಲ್ಲ. ಉತ್ತರದ ತಣ್ಣೀರಿನ ಬಿಳಿ ಬೆಲೂಗಾ ತಿಮಿಂಗಿಲವನ್ನು ನಾವಿಕರು 'ಕಡಲ ಕೆನರಿ ಹಕ್ಕಿ' ಅಂತ ಕರೆಯುತ್ತಿದ್ದರು. ಅಷ್ಟೇ. ಇದನ್ನು ಕೂತು ಕೇಳಿ ಬರೆದಿಡಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಇನ್ನು ಕಂಡುಹಿಡಿದವರು ಯಾರು ಅಂದರೆ, ಅಮೆರಿಕದ ಜೀವವಿಜ್ಞಾನಿ ರೋಜರ್ ಪೇನ್ ಅಂತ ಸಾಮಾನ್ಯವಾಗಿ ಎಲ್ಲ ಕಡೆ ಬರೆದಿರುತ್ತದೆ. ಅದು ಅರ್ಧ ಸರಿ. ಈ ಇತಿಹಾಸ ಓದುವಾಗ ನನಗೆ ಎದ್ದು ಕಾಣುವುದು ಬೇರೆಯೇ ಸಂಗತಿ. ತಿಮಿಂಗಿಲದ ದನಿ ಕೇಳಬೇಕು ಅಂತಲೇ ಹೊರಟವರು ಬಹಳ ಕಡಿಮೆ. ಶತ್ರುವಿನ ಸಬ್‌ಮರೀನ್ ಕೇಳಿಸಿಕೊಳ್ಳಲು ಹೊರಟವರೇ ಜಾಸ್ತಿ. ಯಂತ್ರ ನೌಕಾಪಡೆಯದು, ಕೇಬಲ್ ನೌಕಾಪಡೆಯದು, ದುಡ್ಡೂ ನೌಕಾಪಡೆಯದು. ಅವರ ಲೆಕ್ಕದಲ್ಲಿ ಪ್ರಾಣಿಗಳ ಸದ್ದು ಅಂದರೆ ಕೆಲಸಕ್ಕೆ ಅಡ್ಡ ಬರುವ ಗಲಾಟೆ. ಆ ಗಲಾಟೆಯನ್ನು ಬೇರೆ ಮಾಡಿ ಪಕ್ಕಕ್ಕಿಡಬೇಕು ಅಂತ ಹೊರಟಾಗಲೇ ಅದರೊಳಗೆ ಏನಿದೆ ಅಂತ ಗೊತ್ತಾಗಿದ್ದು.

ನೀರಿನಲ್ಲಿ ಶಬ್ದ ಎಷ್ಟು ಬೇಗ ಓಡುತ್ತದೆ ಅಂತ 1826ರಲ್ಲೇ ಜಿನೀವಾ ಸರೋವರದಲ್ಲಿ ನೀರೊಳಗೆ ಗಂಟೆ ಬಾರಿಸಿ ಅಳೆದಿದ್ದರು. ಕೊಲ್ಲಾಡಾನ್ ಮತ್ತು ಸ್ಟರ್ಮ್ ಎಂಬ ಇಬ್ಬರ ಲೆಕ್ಕ ಅದು: ಸೆಕೆಂಡಿಗೆ 1,435 ಮೀಟರ್. ಉಪ್ಪುನೀರಿನಲ್ಲಿ ಸುಮಾರು 1,500. ಗಾಳಿಯಲ್ಲಿ ಬರೀ 340 ಚಿಲ್ಲರೆ. ಸಮುದ್ರದಲ್ಲಿ ಬೆಳಕು ಒಂದಿನ್ನೂರು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಸತ್ತೇಹೋಗುತ್ತದೆ. ಶಬ್ದ ಹಾಗಲ್ಲ. ಅಲ್ಲಿ ಬದುಕುವ ಪ್ರಾಣಿಗೆ ಕಣ್ಣಿಗಿಂತ ಕಿವಿ ಮುಖ್ಯ ಆಗಿದ್ದರಲ್ಲಿ ಆಶ್ಚರ್ಯವೇನಿದೆ?

ಎರಡನೇ ಮಹಾಯುದ್ಧದ ಹೊತ್ತಿಗೆ ಹೈಡ್ರೋಫೋನ್, ಅಂದರೆ ನೀರೊಳಗೆ ಇಳಿಬಿಡುವ ಮೈಕು, ಎಲ್ಲ ದೊಡ್ಡ ನೌಕಾಪಡೆಗಳಲ್ಲೂ ಬಂದಿತ್ತು. ಬೆಚ್ಚಗಿನ ಆಳವಿಲ್ಲದ ನೀರಿನಲ್ಲಿ ಅದನ್ನು ಇಳಿಸಿದರೆ ಹಗಲು ರಾತ್ರಿ ಒಂದೇ ಸಮನೆ ಚಟಪಟ ಸದ್ದು. ಕಾರಣ, ಬೆರಳುದ್ದದ ಒಂದು ಸಿಗಡಿ. ಇದು ತನ್ನ ದೊಡ್ಡ ಕೊಂಡಿಯನ್ನು ಎಷ್ಟು ಜೋರಾಗಿ ಮುಚ್ಚುತ್ತದೆ ಅಂದರೆ ನೀರಿನಲ್ಲಿ ಒಂದು ಗುಳ್ಳೆ ಎದ್ದು ಮರುಕ್ಷಣವೇ ಕುಸಿಯುತ್ತದೆ. ಆ ಕುಸಿತದ ಸದ್ದೇ ಈ ಚಟಪಟ. ಲಕ್ಷಗಟ್ಟಲೆ ಸಿಗಡಿಗಳು ಸೇರಿದರೆ ಪ್ರತಿಧ್ವನಿಯಿಂದ ಸಬ್‌ಮರೀನ್ ಹುಡುಕುವ ಸೋನಾರ್ ಯಂತ್ರ ಹಿಡಿದು ಕೂತವನ ಗತಿ ಏನಾಗಬೇಕು! ಅದೇ ಕಾಲದಲ್ಲಿ, 1942ರಲ್ಲಿ, ಕ್ಯಾಲಿಫೋರ್ನಿಯಾ ಕಡೆ ಸೋನಾರಿಗೆ ಇನ್ನೊಂದು ವಿಚಿತ್ರ ಸಿಕ್ಕಿತು. ಹಗಲಿನಲ್ಲಿ ಕೆಲವು ನೂರು ಮೀಟರ್ ಆಳದಲ್ಲೇ ಸಮುದ್ರದ ತಳ ಬಂದಂತೆ ಪ್ರತಿಧ್ವನಿ. ನಿಜವಾದ ತಳ ಇನ್ನೂ ಎಷ್ಟೋ ಕೆಳಗೆ. ರಾತ್ರಿಯಾದರೆ ಈ 'ಸುಳ್ಳು ತಳ' ಮೇಲಕ್ಕೆ ಏರುತ್ತಿತ್ತು! ತಳ ಎದ್ದು ಓಡಾಡುತ್ತದಾ? ಅಲ್ಲಿನ ಸ್ಕ್ರಿಪ್ಸ್ ಸಾಗರ ಸಂಸ್ಥೆಯ ಮಾರ್ಟಿನ್ ಜಾನ್ಸನ್ 1945ರಲ್ಲಿ ಹಗಲೂ ರಾತ್ರಿಯೂ ಅಳೆದು ತೋರಿಸಿದರು: ಅದು ಕತ್ತಲಾದ ಮೇಲೆ ಮೇವಿಗಾಗಿ ಮೇಲೆ ಬಂದು ಬೆಳಗಾಗುತ್ತಲೇ ಕೆಳಗಿಳಿಯುವ ಸಣ್ಣ ಜೀವಿಗಳ ಹಿಂಡು. ಭೂಮಿಯ ಮೇಲೆ ಪ್ರಾಣಿಗಳ ಅತಿ ದೊಡ್ಡ ವಲಸೆ ಇದೇ, ದಿನವೂ ನಡೆಯುತ್ತದೆ. ಅದನ್ನು ತೋರಿಸಿಕೊಟ್ಟಿದ್ದು ಸಬ್‌ಮರೀನ್ ಹುಡುಕುವ ಯಂತ್ರ.

ಯುದ್ಧ ಮುಗಿದ ಮೇಲೆ ಅಮೆರಿಕದ ನೌಕಾಪಡೆ, ಸದ್ದು ಮಾಡುವ ಜೀವಿಗಳ ಪಟ್ಟಿ ಮಾಡಿಸಲು ರೋಡ್ ಐಲೆಂಡಿನ ಮೇರಿ ಪೋಲಂಡ್ ಫಿಶ್ ಎಂಬ ವಿಜ್ಞಾನಿಗೆ ದುಡ್ಡು ಕೊಟ್ಟಿತು. ಅವರು ಮೀನುಗಳನ್ನು ತೊಟ್ಟಿಯಲ್ಲಿ ಬಿಟ್ಟು, ಸಣ್ಣಗೆ ಕರೆಂಟ್ ತಾಗಿಸಿ, ಯಾವುದು ಗೊಣಗುತ್ತದೆ ಯಾವುದು ಉರ್ರೆನ್ನುತ್ತದೆ ಅಂತ ಕೇಳಿ ಬರೆದಿಟ್ಟರು. 300ಕ್ಕೂ ಹೆಚ್ಚು ಜಾತಿಗಳು. ಈ ಹೆಂಗಸಿನ ಹೆಸರು ನಮ್ಮ ಕಡೆ ಯಾರೂ ಹೇಳುವುದಿಲ್ಲ. ಹೇಳಬೇಕು.

ತಿಮಿಂಗಿಲದ ವಿಷಯಕ್ಕೆ ಬಂದರೆ, ಗುರುತು ಹಿಡಿದ ತಿಮಿಂಗಿಲದ ದನಿಯನ್ನು ಅದರ ಜಾಗದಲ್ಲೇ ಧ್ವನಿಮುದ್ರಿಸಿ ವಿಜ್ಞಾನದ ಪತ್ರಿಕೆಯಲ್ಲಿ ಬರೆದವರಲ್ಲಿ ಮೊದಲಿಗರು ಗಂಡ ಹೆಂಡತಿ ಜೋಡಿ: ವಿಲಿಯಂ ಶೆವಿಲ್ ಮತ್ತು ಬಾರ್ಬರಾ ಲಾರೆನ್ಸ್. 1949ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸ್ಯಾಗನೇ ನದಿಯ ಬಾಯಲ್ಲಿ ದೋಣಿ ನಿಲ್ಲಿಸಿ ಹೈಡ್ರೋಫೋನ್ ಇಳಿಸಿ ಬೆಲೂಗಾಗಳನ್ನು ಕೇಳಿದರು. ತಂತಿವಾದ್ಯಗಳನ್ನು ಶ್ರುತಿ ಮಾಡಿದಂತೆ, ದೂರದಲ್ಲಿ ಮಕ್ಕಳ ಗುಂಪು ಕೂಗಾಡಿದಂತೆ ಅಂತ ಅವರೇ ವರ್ಣಿಸಿದ್ದಾರೆ. ಶೆವಿಲ್ ಕೆಲಸ ಮಾಡುತ್ತಿದ್ದದ್ದು ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಸ್ಥೆಯಲ್ಲಿ. 1957ರಲ್ಲಿ ಅದೇ ಸಂಸ್ಥೆಯ ವರ್ದಿಂಗ್ಟನ್ ಜೊತೆ ಸೇರಿ ಸ್ಪರ್ಮ್ ತಿಮಿಂಗಿಲದ ಸದ್ದನ್ನೂ ಪ್ರಕಟಿಸಿದರು. ತುಕ್ಕು ಹಿಡಿದ ತಿರುಗಣಿಯಂಥ ಒಂದು ನರಳಾಟ, ಜೊತೆಗೆ ಸಾಲು ಸಾಲಾಗಿ ಚುರುಕಾದ 'ಟಕ್ ಟಕ್'. ಬಡಗಿ ಮೀನು ಕೊನೆಗೂ ಸಿಕ್ಕಿಬಿದ್ದಿತ್ತು. ನಮ್ಮ ಪೇಪರುಗಳಲ್ಲಿ ಸ್ಪರ್ಮ್ ತಿಮಿಂಗಿಲದ ಸುದ್ದಿ ಬರುವುದು ಅದರ 'ವಾಂತಿ' ಮಾರಲು ಹೋಗಿ ಯಾರಾದರೂ ಪೊಲೀಸರ ಕೈಗೆ ಸಿಕ್ಕಾಗ ಮಾತ್ರ. ಪ್ರಾಣಿಲೋಕದಲ್ಲೇ ಅತಿ ಜೋರಾದ ಸದ್ದು ಅದರದ್ದು ಅಂತ ಆ ಸುದ್ದಿಯಲ್ಲಿ ಒಂದು ಸಾಲೂ ಇರುವುದಿಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗ. 1944ರಲ್ಲಿ ಮಾರಿಸ್ ಯೂಯಿಂಗ್ ಮತ್ತು ಜೋ ವರ್ಜೆಲ್ ಎಂಬ ಇಬ್ಬರು, ಸಮುದ್ರದೊಳಗೆ ಶಬ್ದಕ್ಕೆ ಒಂದು ಹೆದ್ದಾರಿ ಇದೆ ಅಂತ ತೋರಿಸಿದ್ದರು. ಇದು ಹೀಗೆ: ಕೆಳಗೆ ಹೋದಂತೆ ನೀರು ತಣ್ಣಗಾಗುತ್ತದೆ, ಶಬ್ದದ ವೇಗ ಇಳಿಯುತ್ತದೆ. ಇನ್ನೂ ಕೆಳಗೆ ಹೋದರೆ ಒತ್ತಡ ಜಾಸ್ತಿ, ವೇಗ ಮತ್ತೆ ಏರುತ್ತದೆ. ಮಧ್ಯದಲ್ಲಿ, ಅನೇಕ ಕಡೆ ಸುಮಾರು 1,000 ಮೀಟರ್ ಆಳದಲ್ಲಿ, ಶಬ್ದ ಎಲ್ಲಕ್ಕಿಂತ ನಿಧಾನ ಹೋಗುವ ಒಂದು ಪದರ ಸಿಗುತ್ತದೆ. ಶಬ್ದ ಯಾವಾಗಲೂ ನಿಧಾನದ ಕಡೆಗೆ ಬಾಗುತ್ತದೆ. ಮೇಲೆ ಹೊರಟಿದ್ದು ಕೆಳಗೆ ಬಾಗಿ, ಕೆಳಗೆ ಹೊರಟಿದ್ದು ಮೇಲೆ ಬಾಗಿ, ಆ ಪದರದಲ್ಲೇ ಸಿಕ್ಕಿಕೊಂಡು ಸಾವಿರಾರು ಕಿಲೋಮೀಟರ್ ಓಡುತ್ತದೆ. ಸೋವಿಯತ್ ಒಕ್ಕೂಟದ ಬ್ರೆಖೋವ್‌ಸ್ಕಿಖ್ ಕೂಡ ತಮ್ಮ ಪಾಡಿಗೆ ಇದನ್ನೇ ಕಂಡುಕೊಂಡಿದ್ದರು. ಸಮುದ್ರಕ್ಕೆ ಬಿದ್ದ ವಿಮಾನದ ಪೈಲಟ್ ಒಂದು ಸಣ್ಣ ಸಿಡಿಮದ್ದನ್ನು ಆ ಆಳಕ್ಕೆ ಬಿಟ್ಟರೆ ಎಲ್ಲಿದ್ದಾನೆ ಅಂತ ದಡದಲ್ಲಿ ಕೂತೇ ಲೆಕ್ಕ ಹಾಕಬಹುದು ಅನ್ನುವುದು ಮೊದಲ ಉಪಾಯ.

ಶೀತಲ ಸಮರ ಬಂತು. 1950ರ ದಶಕದಲ್ಲಿ ಅಮೆರಿಕ ಅಟ್ಲಾಂಟಿಕ್ ತಳದಲ್ಲಿ ಹೈಡ್ರೋಫೋನುಗಳ ಸಾಲನ್ನೇ ಮಲಗಿಸಿ ಕೇಬಲ್ ಎಳೆದು ದಡದಲ್ಲಿ ಕೂತು ಕೇಳತೊಡಗಿತು. 'ಸೋಸಸ್' ಅಂತ ಅದರ ಹೆಸರು, ದಶಕಗಳ ಕಾಲ ಗುಟ್ಟು. ಸೋವಿಯತ್ ಸಬ್‌ಮರೀನ್ ಕೇಳಲು ಕೂತವರಿಗೆ ಬೇರೊಂದು ಸದ್ದು ಕೇಳಿತು. 20 ಹರ್ಟ್ಜ್ ಆಸುಪಾಸು, ಅಂದರೆ ಸೆಕೆಂಡಿಗೆ 20 ಕಂಪನ. ಮನುಷ್ಯನ ಕಿವಿಗೆ ಅಂಚಿನ ಸದ್ದು ಅದು. ಒಂದು ಸೆಕೆಂಡಿನ ಒಂದು ಮಿಡಿತ, ಸ್ವಲ್ಪ ಬಿಡುವು, ಮತ್ತೆ ಅಂಥದ್ದೇ ಮಿಡಿತ. ಗಡಿಯಾರ ಇಟ್ಟು ಹೊಡೆದ ಹಾಗೆ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಇಷ್ಟು ಜೋರಾಗಿ, ಇಷ್ಟು ಕರಾರುವಾಕ್ಕಾಗಿ ಪ್ರಾಣಿ ಮಾಡುತ್ತದೆ ಅಂತ ಯಾರು ನಂಬುತ್ತಾರೆ? ರಷ್ಯನ್ನರ ಯಾವುದೋ ಯಂತ್ರ ಅಂತ ಕೆಲವರು, ಸಮುದ್ರ ತಳದ ಅಲುಗಾಟ ಅಂತ ಕೆಲವರು.

ಗಂಟು ಬಿಡಿಸಿದ್ದು ಅದೇ ಶೆವಿಲ್, ಜೊತೆಗೆ ವಿಲಿಯಂ ವಾಟ್ಕಿನ್ಸ್ ಮತ್ತು ರಿಚರ್ಡ್ ಬಾಕಸ್. ಆ ಮಿಡಿತದ ಸಾಲನ್ನು ಉದ್ದಕ್ಕೆ ನೋಡಿದರೆ ಹೆಚ್ಚುಕಡಿಮೆ 15 ನಿಮಿಷಕ್ಕೊಮ್ಮೆ ಒಂದೆರಡು ನಿಮಿಷ ಖಾಲಿ. ಯಂತ್ರಕ್ಕೆ ಬಿಡುವು ಯಾಕೆ ಬೇಕು? ಉಸಿರಾಡಲು ಮೇಲೆ ಬರುವ ಪ್ರಾಣಿಗೆ ಬೇಕು. ಸದ್ದು ಕೇಳಿದ ಜಾಗಕ್ಕೆ ಹೋಗಿ ನೋಡಿದರೆ ಅಲ್ಲಿ ಫಿನ್ ತಿಮಿಂಗಿಲ. ಗಾತ್ರದಲ್ಲಿ ನೀಲಿ ತಿಮಿಂಗಿಲಕ್ಕೆ ಮಾತ್ರ ಎರಡನೆಯದು. 1964ರಲ್ಲಿ ಇದು ಪ್ರಕಟವಾಯಿತು. ವಾಟ್ಕಿನ್ಸ್ ಬಗ್ಗೆ ಒಂದು ಮಾತು. ಪಶ್ಚಿಮ ಆಫ್ರಿಕದಲ್ಲಿ ಮಿಷನರಿ ದಂಪತಿಯ ಮಗನಾಗಿ ಬೆಳೆದ ಈತ ಹತ್ತಾರು ಭಾಷೆ ಬಲ್ಲವರು. ಜಪಾನಿಗೆ ಹೋಗಿ ಡಾಕ್ಟರೇಟ್ ಪಡೆದರು. ಹಡಗಿನಲ್ಲಿ ಹೊತ್ತೊಯ್ಯಬಹುದಾದ ಟೇಪ್ ರೆಕಾರ್ಡರ್ ಇಲ್ಲದ ಕಾಲದಲ್ಲಿ ತಾವೇ ಅದನ್ನು ಕಟ್ಟಿಕೊಂಡರು. ಇಂದು ಯಾವ ಸದ್ದು ಯಾವ ಪ್ರಾಣಿಯದು ಅಂತ ಹೋಲಿಸಿ ನೋಡಬೇಕಾದರೆ ಈ ಕ್ಷೇತ್ರದವರು ಮೊದಲು ತೆಗೆಯುವುದು ಅವರ ಸಂಗ್ರಹವನ್ನೇ.

ಫಿನ್ ತಿಮಿಂಗಿಲದ ದನಿ ಆ ಹೆದ್ದಾರಿಗೆ ಬಿದ್ದರೆ ಎಷ್ಟು ದೂರ ಹೋಗಬಹುದು? 1971ರಲ್ಲಿ ರೋಜರ್ ಪೇನ್ ಮತ್ತು ಡಗ್ಲಸ್ ವೆಬ್ ಲೆಕ್ಕ ಹಾಕಿ, ಹಡಗಿನ ಇಂಜಿನ್ ಬರುವ ಮುಂಚಿನ ಸಮುದ್ರದಲ್ಲಿ ಸಾವಿರಾರು ಕಿಲೋಮೀಟರ್ ಅಂದರು. ಆಗ ಬಹಳ ಜನ ನಂಬಲಿಲ್ಲ. ಶೀತಲ ಸಮರ ಮುಗಿದು ಸೋಸಸ್ ಬಾಗಿಲು ವಿಜ್ಞಾನಿಗಳಿಗೆ ತೆರೆದ ಮೇಲೆ, ಕಾರ್ನೆಲ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಕ್ಲಾರ್ಕ್ ಒಂದೇ ಒಂದು ನೀಲಿ ತಿಮಿಂಗಿಲವನ್ನು ಬರೀ ದನಿಯಿಂದ 43 ದಿನ ಹಿಂಬಾಲಿಸಿದರು. ದಡದಲ್ಲಿ ಕೂತು!

ಇಲ್ಲಿಯವರೆಗೆ ಹೇಳಿದ್ದು ಸದ್ದು. ಹಾಡು ಇನ್ನೂ ಬಂದಿಲ್ಲ.

ಹಾಡು ಸಿಕ್ಕಿದ್ದು ಬರ್ಮುಡಾ ದ್ವೀಪದಲ್ಲಿ. ಅಲ್ಲಿ ಫ್ರಾಂಕ್ ವಾಟ್ಲಿಂಗ್ಟನ್ ಎಂಬ ಇಂಜಿನಿಯರ್ ಅಮೆರಿಕದ ನೌಕಾಪಡೆಗಾಗಿ ಆಳದ ಹೈಡ್ರೋಫೋನುಗಳನ್ನು ನೋಡಿಕೊಳ್ಳುತ್ತಿದ್ದರು. 1950ರ ದಶಕದಿಂದಲೇ ಅವರ ಟೇಪಿನಲ್ಲಿ ಒಂದು ವಿಚಿತ್ರ ನರಳಾಟ, ಏರಿಳಿತ, ಕೀರಲು ದನಿ ಸೇರಿಕೊಳ್ಳುತ್ತಿತ್ತು. ಹಂಪ್‌ಬ್ಯಾಕ್ ಎಂಬ ಜಾತಿಯ ತಿಮಿಂಗಿಲ ಅಂತ ಅವರಿಗೆ ಗೊತ್ತಾಗಿತ್ತು. ಆದರೆ ಹೊರಗೆ ಬಾಯಿ ಬಿಡಲಿಲ್ಲ. ಬೇಟೆಗಾರರಿಗೆ ಗೊತ್ತಾದರೆ ಇದೇ ಸದ್ದು ಹಿಡಿದುಕೊಂಡು ಹೋಗಿ ಕೊಲ್ಲುತ್ತಾರೆ ಅನ್ನುವ ಭಯ. 1967ರಲ್ಲಿ ರೋಜರ್ ಪೇನ್ ಮತ್ತು ಪತ್ನಿ ಕೇಟಿ ಪೇನ್ ಬರ್ಮುಡಾಗೆ ಬಂದಾಗ ಅವರಿಗೆ ಟೇಪ್ ಕೇಳಿಸಿ, ನಕಲನ್ನೂ ಕೊಟ್ಟರು. ರೋಜರ್ ಅದಕ್ಕೂ ಮುಂಚೆ ಓದಿದ್ದು ಗೂಬೆ ಕತ್ತಲಲ್ಲಿ ಬರೀ ಕಿವಿಯಿಂದ ಇಲಿಯನ್ನು ಹೇಗೆ ಹಿಡಿಯುತ್ತದೆ ಅನ್ನುವುದನ್ನು. ತಿಮಿಂಗಿಲದ ಗಂಧಗಾಳಿ ಇರಲಿಲ್ಲ. ಕಿವಿ ಪಳಗಿತ್ತು, ಅಷ್ಟೇ.

ಆದರೆ ಕಿವಿ ಸಾಲದು. ಹಂಪ್‌ಬ್ಯಾಕ್ ಒಂದು ಸಲ ಹಾಡಿ ಮುಗಿಸಲು 7ರಿಂದ 30 ನಿಮಿಷ ಬೇಕು. ಅಷ್ಟು ಉದ್ದದ್ದನ್ನು ಕೇಳುತ್ತ ಕೂತರೆ ಶುರುವಿನಲ್ಲಿ ಬಂದದ್ದು ಕೊನೆಗೆ ಮರೆತೇ ಹೋಗಿರುತ್ತದೆ. ಮತ್ತೆ ಬಂತಾ, ಹೊಸದಾ ಅಂತ ಹೇಳುವುದು ಕಷ್ಟ. ಇಲ್ಲಿ ನೆರವಿಗೆ ಬಂದಿದ್ದು ಕಾಗದ. ಪ್ರಿನ್ಸ್‌ಟನ್ನಿನ ಸ್ಕಾಟ್ ಮೆಕ್‌ವೇ ಮತ್ತು ಗಣಿತ ಬಲ್ಲ ಪತ್ನಿ ಹೆಲ್ಲಾ, ಟೇಪಿನ ಶಬ್ದವನ್ನು ಸ್ಪೆಕ್ಟ್ರೋಗ್ರಾಫ್ ಎಂಬ ಯಂತ್ರಕ್ಕೆ ಕೊಟ್ಟು ಚಿತ್ರ ಮಾಡಿಸಿದರು. ಎಡದಿಂದ ಬಲಕ್ಕೆ ಕಾಲ. ಕೆಳಗೆ ಮಂದ್ರ, ಮೇಲೆ ತಾರ. ಜೋರಿದ್ದಲ್ಲಿ ಕಪ್ಪು, ಮೆಲ್ಲಗಿದ್ದಲ್ಲಿ ಬೂದು. ಆ ಕಾಲದ ಯಂತ್ರಗಳು ಒಂದೊಂದು ಸಲಕ್ಕೆ ಸ್ವಲ್ಪ ಸ್ವಲ್ಪ ಶಬ್ದವನ್ನೇ ಬರೆಯುತ್ತಿದ್ದವು. ಆ ತುಂಡುಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತ ಹೋಗಬೇಕು. ಉದ್ದದ ಪಟ್ಟಿಯಾಗಿ ಹಾಸಿ ನೋಡಿದಾಗ ಕಿವಿಗೆ ಕಲಸುಮೇಲೋಗರ ಅನ್ನಿಸಿದ್ದು ಕಣ್ಣಿಗೆ ಸಾಫಾಗಿ ಕಂಡಿತು. ಒಂದು ಆಕಾರ ನಾಲ್ಕಾರು ಸಲ ಬಂದು, ಮುಂದಿನ ಆಕಾರಕ್ಕೆ ಹೋಗಿ, ಅದೂ ನಾಲ್ಕಾರು ಸಲ ಬಂದು, ಹೀಗೆ ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿಂದ ಅದೇ ಕ್ರಮ!

ಕ್ರಮ ಅನ್ನುವುದೇ ಮುಖ್ಯ. ಒಂದೊಂದು ಸ್ವರ ಸೇರಿ ಒಂದು ಸಾಲು. ಅದೇ ಸಾಲು ಮತ್ತೆ ಮತ್ತೆ ಬಂದರೆ ಒಂದು ಭಾಗ. ಹಲವು ಭಾಗ ಸೇರಿ ಒಂದು ಹಾಡು. ಯಾವುದಾದರೂ ಭಾಗ ಬಿಟ್ಟುಹೋಗಬಹುದು, ಆದರೆ ಹಿಂದುಮುಂದಾಗುವುದಿಲ್ಲ. ಹಾಡಿನ ಮೇಲೆ ಹಾಡು, ನಡುವೆ ನಿಲ್ಲದೆ, ಗಂಟೆಗಟ್ಟಲೆ ನಡೆಯುತ್ತದೆ. ಪೇನ್ ಮತ್ತು ಮೆಕ್‌ವೇ 1971ರ ಆಗಸ್ಟಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಬರೆದರು. 'ಹಾಡು' ಅಂತ ಅವರು ಸುಮ್ನೆ ಕರೆದದ್ದಲ್ಲ. ಹಕ್ಕಿಗಳ ಹಾಡಿಗೆ ಯಾವ ಲಕ್ಷಣ ಹೇಳುತ್ತೇವೋ ಅದು ಇಲ್ಲೂ ಇದೆ ಅಂತ ಕಾಗದ ಹಾಸಿ ತೋರಿಸಿದ್ದರು. ಹಾಡುವುದು ಗಂಡುಗಳು ಅಂತ ಆಮೇಲೆ ತಿಳಿಯಿತು.

ಮುಂದಿನ ದೊಡ್ಡ ಸಂಗತಿ ಕೇಟಿ ಪೇನ್ ಅವರದು. ಹಲವು ವರ್ಷಗಳ ಟೇಪುಗಳನ್ನು ಪಕ್ಕಪಕ್ಕ ಇಟ್ಟಾಗ ಹಾಡು ಬದಲಾಗುತ್ತಿದೆ ಅಂತ ಕಂಡಿತು. ಒಂದು ಕಡಲಿನ ಗಂಡುಗಳೆಲ್ಲ ಒಂದು ಹಂಗಾಮಿನಲ್ಲಿ ಒಂದೇ ಹಾಡು ಹಾಡುತ್ತವೆ. ಆ ಹಾಡು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಎಲ್ಲವೂ ಸೇರಿ ಬದಲಾಯಿಸಿಕೊಳ್ಳುತ್ತವೆ. ನಿಮ್ಮದು ಹೊನ್ನಾವರ ಆದ್ದರಿಂದ ಹೀಗೆ ಹೇಳಬಹುದು: ಒಬ್ಬ ಭಾಗವತರು ಒಂದು ಪದ್ಯಕ್ಕೆ ಹೊಸ ಮಟ್ಟು ತಂದರೆ, ಅದು ಜನಕ್ಕೆ ಹಿಡಿಸಿದರೆ, ಮುಂದಿನ ತಿರುಗಾಟದಲ್ಲಿ ಬೇರೆ ಮೇಳದವರೂ ಅದನ್ನೇ ಎತ್ತಿಕೊಂಡಿರುತ್ತಾರೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ 1990ರ ದಶಕದಲ್ಲಿ ಹೀಗೇ ಆಯಿತು. ಪಶ್ಚಿಮ ಕರಾವಳಿಯ ಹಾಡು ಹೇಗೋ ಅಲ್ಲಿಗೆ ಬಂದು, ಒಂದೆರಡು ವರ್ಷದೊಳಗೆ ಹಳೆಯ ಹಾಡನ್ನು ಪೂರ್ತಿ ಓಡಿಸಿಬಿಟ್ಟಿತು. ಆಮೇಲೆ ಎಲೆನ್ ಗಾರ್ಲ್ಯಾಂಡ್ ಮತ್ತು ಜೊತೆಗಾರರು 2011ರಲ್ಲಿ, ಹೊಸ ಹಾಡುಗಳು ಆಸ್ಟ್ರೇಲಿಯಾದಿಂದ ಪೂರ್ವಕ್ಕೆ ಒಂದೊಂದೇ ದ್ವೀಪಸಮೂಹ ದಾಟಿ ಫ್ರೆಂಚ್ ಪಾಲಿನೇಷ್ಯಾ ತನಕ ಹೋಗುವುದನ್ನು ತೋರಿಸಿದರು. ಇದಕ್ಕೆ ಸಂಸ್ಕೃತಿ ಅನ್ನದೆ ಬೇರೆ ಏನನ್ನಬೇಕು, ಹೇಳಿ. ಕೇಟಿ ಪೇನ್ ಆಮೇಲೆ ಆನೆಗಳ ಕಡೆ ಹೋದರು. ಆನೆಗಳು ನಮ್ಮ ಕಿವಿಗೆ ಕೇಳದ ಮಂದ್ರದಲ್ಲಿ ಮಾತಾಡಿಕೊಳ್ಳುತ್ತವೆ ಅಂತ 1984ರಲ್ಲಿ ಕಂಡುಹಿಡಿದದ್ದೂ ಅವರೇ.

ವಾಟ್ಲಿಂಗ್ಟನ್ ಮತ್ತು ಪೇನ್ ಟೇಪುಗಳು 1970ರಲ್ಲಿ ಗ್ರಾಮಫೋನ್ ತಟ್ಟೆಯಾಗಿ ಹೊರಬಂದವು. ಒಂದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದವು. 1977ರಲ್ಲಿ ಹೊರಟ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ತಟ್ಟೆಯಲ್ಲೂ ಹಂಪ್‌ಬ್ಯಾಕ್ ದನಿ ಹೋಗಿದೆ. 1979ರ ಜನವರಿಯಲ್ಲಿ 'ನ್ಯಾಷನಲ್ ಜಿಯಾಗ್ರಫಿಕ್' ತನ್ನ ಸಂಚಿಕೆಯೊಳಗೆ ತೆಳು ಪ್ಲಾಸ್ಟಿಕ್ ತಟ್ಟೆಯಾಗಿ ಇಟ್ಟು ಒಂದು ಕೋಟಿಗೂ ಹೆಚ್ಚು ಪ್ರತಿ ಹಂಚಿತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವ್ಯಾಪಾರಿ ಬೇಟೆ ನಿಲ್ಲಿಸಲು 1982ರಲ್ಲಿ ತೀರ್ಮಾನಿಸಿತು. ಹಾಡೊಂದರಿಂದಲೇ ಬೇಟೆ ನಿಂತಿತು ಅನ್ನುವುದು ಅತಿಯಾದ ಮಾತು. ತಿಮಿಂಗಿಲಗಳೇ ಮುಗಿಯುತ್ತ ಬಂದಿದ್ದವು, ಎಣ್ಣೆಗೆ ಬೇರೆ ದಾರಿ ಸಿಕ್ಕಿತ್ತು. ಆದರೆ ಬೀದಿಗಿಳಿದ ಜನರ ಕಿವಿಯಲ್ಲಿ ಆ ಹಾಡಿತ್ತು ಅನ್ನುವುದು ಸುಳ್ಳಲ್ಲ.

ಬಾಯಿ ತೆರೆಯದೆ, ಗುಳ್ಳೆ ಬಿಡದೆ ಹೇಗೆ ಹಾಡುತ್ತವೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಉತ್ತರ ಸಿಕ್ಕಿದ್ದು ಮೊನ್ನೆ ಮೊನ್ನೆ, 2024ರಲ್ಲಿ. ದಡಕ್ಕೆ ಬಂದು ಸತ್ತ ತಿಮಿಂಗಿಲಗಳ ಗಂಟಲಪೆಟ್ಟಿಗೆಯನ್ನು ತಂದು, ಡೆನ್ಮಾರ್ಕಿನ ಕೂನ್ ಎಲೆಮನ್ಸ್ ತಂಡ ಲ್ಯಾಬಿನಲ್ಲಿ ಅದರೊಳಗೆ ಗಾಳಿ ಊದಿ ನೋಡಿತು. ಹಂಪ್‌ಬ್ಯಾಕಿನಂಥ ಹಲ್ಲಿಲ್ಲದ ತಿಮಿಂಗಿಲಗಳ ಗಂಟಲಲ್ಲಿ ಕೊಬ್ಬಿನ ಒಂದು ದಿಂಬು ಇದೆ. ಇಂಗ್ಲಿಷಿನ 'ಯು' ಆಕಾರದ ಮೃದ್ವಸ್ಥಿ ಅದಕ್ಕೆ ಒತ್ತಿಕೊಂಡಾಗ, ನಡುವೆ ಹಾಯುವ ಗಾಳಿಯಿಂದ ದಿಂಬು ಕಂಪಿಸುತ್ತದೆ. ಅದೇ ಗಾಳಿ ಒಳಗೊಳಗೇ ತಿರುಗಿ ಮತ್ತೆ ಬಳಕೆಗೆ ಬರುತ್ತದೆ. ಹೊರಗೆ ಬಿಡುವ ಅಗತ್ಯವೇ ಇಲ್ಲ. ಸ್ಪರ್ಮ್ ತಿಮಿಂಗಿಲ, ಡಾಲ್ಫಿನ್‌ಗಳದ್ದು ಬೇರೆ ದಾರಿ: ಅವು ಸದ್ದು ಮಾಡುವುದು ಮೂಗಿನ ದಾರಿಯಲ್ಲಿರುವ ತುಟಿಯಂಥ ಮಡಿಕೆಗಳಿಂದ.

ಇನ್ನು ನಿಮ್ಮ ಮೊಬೈಲ್ ವಿಡಿಯೋಗಳು. ಹಂಪ್‌ಬ್ಯಾಕ್ ಹಾಡು ಇದ್ದ ಹಾಗೇ ಕೇಳಿಸಬಹುದು, ಅದರ ಸ್ವರ ನಮ್ಮ ಕಿವಿಯ ವ್ಯಾಪ್ತಿಯಲ್ಲೇ ಇದೆ. ನೀಲಿ ಮತ್ತು ಫಿನ್ ತಿಮಿಂಗಿಲದ್ದು ಹಾಗಲ್ಲ. 'ನೀಲಿ ತಿಮಿಂಗಿಲದ ಹಾಡು' ಅಂತ ಸ್ಪಷ್ಟವಾಗಿ, ಮಧುರವಾಗಿ ಕೇಳಿದರೆ ಅದನ್ನು ಹತ್ತು ಪಟ್ಟೋ ಇನ್ನೂ ಹೆಚ್ಚೋ ವೇಗ ಮಾಡಿರುತ್ತಾರೆ. ಅದೇನು ಮೋಸ ಅಲ್ಲ, ಬರೆದು ಹೇಳಬೇಕು ಅಷ್ಟೇ. ಮೇಲೆ ನೀಲಿ ತಿಮಿಂಗಿಲದ ಚಿತ್ರ, ಕೆಳಗೆ ಹಂಪ್‌ಬ್ಯಾಕ್ ದನಿ, ಜೊತೆಗೆ ಒಂದಿಷ್ಟು ಕೊಳಲು ಸೇರಿಸಿದ ವಿಡಿಯೋಗಳೂ ಬೇಕಾದಷ್ಟಿವೆ. ಅವು ನಿದ್ದೆ ಬರಿಸಲು ಸರಿ.

ಒಂಟಿ ತಿಮಿಂಗಿಲದ ಕಥೆಗೂ ಬೇರು ಅದೇ ನೌಕಾಪಡೆಯ ಹೈಡ್ರೋಫೋನಿನಲ್ಲಿದೆ. 1989ರಲ್ಲಿ ಉತ್ತರ ಪೆಸಿಫಿಕ್‌ನಲ್ಲಿ 52 ಹರ್ಟ್ಜಿನ ಒಂದು ಕೂಗು ಸಿಕ್ಕಿತು. ಅಂಥ ಕೂಗು ಬೇರೆ ಯಾವುದರದ್ದೂ ಇರಲಿಲ್ಲ. ವಾಟ್ಕಿನ್ಸ್ ತಂಡ 12 ವರ್ಷ ಅದರ ಜಾಡು ಹಿಡಿದು 2004ರಲ್ಲಿ ಪ್ರಕಟಿಸಿತು. ವಾಟ್ಕಿನ್ಸ್ ತೀರಿಕೊಂಡಿದ್ದೂ ಅದೇ ವರ್ಷ. ಅವರು ಬರೆದದ್ದು ಇದು ಬೇರೆ ಥರದ ಕೂಗು ಅಂತ. ಬೇರೆ ತಿಮಿಂಗಿಲಗಳಿಗೆ ಕೇಳುವುದೇ ಇಲ್ಲ, ಪಾಪ ಅನಾಥ ಅನ್ನುವುದೆಲ್ಲ ನಾವು ಸೇರಿಸಿದ್ದು. 20 ಹರ್ಟ್ಜ್ ಕೇಳುವ ಕಿವಿಗೆ 52 ಕೇಳದೆ ಇರಲು ಕಾರಣವಿಲ್ಲ. ಆ ಕಥೆಗೆ ಅತ್ತವರಿಗೆ ನಾನು ಬೇಡ ಅನ್ನುವುದಿಲ್ಲ. ಆದರೆ ನಿಜವಾಗಿ ಅಳಬೇಕಾದ ವಿಷಯ ಬೇರೆ ಇದೆ.

ಅದು ಹಡಗಿನ ಸದ್ದು. ದೊಡ್ಡ ಹಡಗಿನ ಪ್ರೊಪೆಲ್ಲರ್ ಮಾಡುವ ಮೊರೆತ, ತಿಮಿಂಗಿಲ ಹಾಡುವ ಅದೇ ಮಂದ್ರದಲ್ಲೇ ಇರುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನಗಳಲ್ಲಿ ಉತ್ತರ ಅಮೆರಿಕದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಇಳಿಯಿತು, ನೀರಿನ ಗದ್ದಲ 6 ಡೆಸಿಬಲ್ ಕಡಿಮೆಯಾಯಿತು. ಅದೇ ಹೊತ್ತಿಗೆ ಅಲ್ಲಿ ರೈಟ್ ಎಂಬ ಜಾತಿಯ ತಿಮಿಂಗಿಲಗಳ ಸಗಣಿ ಸಂಗ್ರಹಿಸುತ್ತಿದ್ದ ರೋಸಲಿಂಡ್ ರೋಲ್ಯಾಂಡ್ ತಂಡಕ್ಕೆ ಆ ಸಗಣಿಯಲ್ಲಿ ಒತ್ತಡದ ಹಾರ್ಮೋನ್ ಕೂಡ ಇಳಿದದ್ದು ಕಂಡಿತು. 2012ರಲ್ಲಿ ಅದನ್ನು ಪ್ರಕಟಿಸಿದರು. ಇಷ್ಟು ನೇರವಾದ ಸಾಕ್ಷಿ ಈ ಕ್ಷೇತ್ರದಲ್ಲಿ ಅಪರೂಪ.

ಕೊನೆಗೆ ನಮ್ಮ ಸಮುದ್ರ. ಹೌದು, ಕೇಳಿದ್ದಾರೆ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ಜಗತ್ತಿನ ಬೇರೆಲ್ಲ ಹಂಪ್‌ಬ್ಯಾಕ್‌ಗಳಿಗಿಂತ ಬೇರೆ. ಉಳಿದವು ಮೇಯಲು ಧ್ರುವದ ಕಡೆಗೂ ಮರಿ ಹಾಕಲು ಬೆಚ್ಚಗಿನ ನೀರಿಗೂ ಓಡಾಡುತ್ತವೆ. ಇವು ವರ್ಷವಿಡೀ ಇಲ್ಲೇ. ಸುಮಾರು 70,000 ವರ್ಷದಿಂದ ಬೇರೆಯವುಗಳ ಜೊತೆ ಬೆರೆತಿಲ್ಲ ಅಂತ ವಂಶವಾಹಿ ಅಧ್ಯಯನ ಹೇಳುತ್ತದೆ. ಒಮಾನ್ ಕಡೆ ಉಳಿದಿರುವುದು ನೂರಕ್ಕಿಂತ ಕಡಿಮೆ. 1960ರ ದಶಕದ ನಡುವೆ ಸೋವಿಯತ್ ಬೇಟೆ ಹಡಗುಗಳು ಕದ್ದುಮುಚ್ಚಿ ಇಲ್ಲಿ 242 ಹಂಪ್‌ಬ್ಯಾಕ್‌ಗಳನ್ನು ಕೊಂದಿದ್ದವು. ಆ ಲೆಕ್ಕ ಹೊರಬಂದಿದ್ದು ಸೋವಿಯತ್ ಒಕ್ಕೂಟ ಒಡೆದ ಮೇಲೆ. ಇವು ಇಲ್ಲಿನವೇ ಅಂತ ತಿಳಿಯಲು ಆ ಕೊಂದ ಹೆಣಗಳ ದಾಖಲೆಯೇ ಬೇಕಾಯಿತು ಅನ್ನುವುದು ಕಹಿಯಾದ ಮಾತು. 2017ರ ಕೊನೆಗೆ ಒಮಾನಿನಲ್ಲಿ ಉಪಗ್ರಹ ಟ್ಯಾಗ್ ಹಾಕಿಸಿಕೊಂಡ ಲುಬಾನ್ ಎಂಬ ಹೆಣ್ಣು ಅರಬ್ಬಿ ಸಮುದ್ರವನ್ನು ಅಡ್ಡಲಾಗಿ ದಾಟಿ ಗೋವಾ ಕಡೆಗೆ ಬಂದು, ದಕ್ಷಿಣಕ್ಕೆ ಇಳಿದು ಭಾರತದ ತುದಿಯ ತನಕ ಹೋಯಿತು. ದಾರಿಯಲ್ಲಿ ನಿಮ್ಮ ಕರಾವಳಿಯೂ ಬರುತ್ತದಲ್ವಾ?

ಗೋವಾ ತೀರದಲ್ಲಿ ಹಂಪ್‌ಬ್ಯಾಕ್ ಹಾಡು ಧ್ವನಿಮುದ್ರಣ ಆಗಿದೆ. ಶ್ಯಾಮ್ ಮಧುಸೂದನ, ಬಿಸ್ವಜಿತ್ ಚಕ್ರವರ್ತಿ ಮತ್ತು ಜಿ. ಲತಾ ಅದನ್ನು 2019ರಲ್ಲಿ ಪ್ರಕಟಿಸಿದರು. ಕಾರವಾರದಿಂದ ನೋಡಿದರೆ ಪಕ್ಕದ ಮನೆ. ಲಕ್ಷದ್ವೀಪದಲ್ಲಿ ದಿವ್ಯಾ ಪಣಿಕ್ಕರ್ ಮತ್ತು ಕ್ಯಾಥ್ಲೀನ್ ಸ್ಟಾಫರ್ಡ್ ಕವರತ್ತಿ ಹತ್ತಿರ ಹೈಡ್ರೋಫೋನ್ ಇಳಿಸಿ ನೀಲಿ ತಿಮಿಂಗಿಲದ ಹಾಡನ್ನು ಹಿಡಿದರು, 2021ರಲ್ಲಿ ಬರೆದರು. ಏಪ್ರಿಲ್–ಮೇ ತಿಂಗಳಲ್ಲಿ ಅದು ಜಾಸ್ತಿ. ಹೊರಗೆ ನಾವು ಸೆಕೆಗೆ ಒದ್ದಾಡುವ ಹೊತ್ತು. 2020ರಲ್ಲಿ ಸಾಲ್ವತೋರ್ ಸೆರ್ಚಿಯೊ ಮತ್ತು ಜೊತೆಗಾರರು ಒಮಾನ್ ಮತ್ತು ಮಡಗಾಸ್ಕರ್ ಕಡೆ ಅದಕ್ಕೂ ಮುಂಚೆ ಯಾರೂ ದಾಖಲಿಸದ ಇನ್ನೊಂದು ನೀಲಿ ತಿಮಿಂಗಿಲ ಹಾಡನ್ನು ವರದಿ ಮಾಡಿದರು. ಅಂದರೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಒಂದು ಗುಂಪೇ ನಮ್ಮ ಸಮುದ್ರದಲ್ಲಿ ಇರಬಹುದು. ನೀಲಿ ತಿಮಿಂಗಿಲದಷ್ಟು ದೊಡ್ಡದರ ಹೊಸ ಗುಂಪು ಈ ಕಾಲದಲ್ಲಿ ಸಿಗುತ್ತದೆ ಅಂದರೆ, ನಾವು ಇಲ್ಲಿ ಎಷ್ಟು ಕಡಿಮೆ ಕಿವಿಗೊಟ್ಟಿದ್ದೇವೆ ನೋಡಿ.

ನೀವೇ ಕೇಳಬೇಕು ಅಂದರೆ ಒಂದು ಸಾಧಾರಣ ಹೈಡ್ರೋಫೋನ್ ಈಗ ಕೈಗೆಟಕುವ ವಸ್ತು. ಪರಿಚಯದ ದೋಣಿಯವರ ಜೊತೆ ಹೋಗಿ, ಇಂಜಿನ್ ಪೂರ್ತಿ ಬಂದ್ ಮಾಡಿ, ವೈರು ದೋಣಿಗೆ ತಾಗದ ಹಾಗೆ ಇಳಿಬಿಡಿ. ಬಂಡೆ, ಹವಳ ಇರುವ ಕಡೆ ಮೊದಲು ಸಿಗುವುದು ಆ ಸಿಗಡಿಯ ಚಟಪಟ. ದಡದ ಹತ್ತಿರ ಓಡಾಡುವ ಗೂನು ಬೆನ್ನಿನ ಡಾಲ್ಫಿನ್ ಬಂದರೆ ಸಿಳ್ಳೆ. ದೂರದ ಟ್ರಾಲರ್ ಇಂಜಿನ್ ಅಂತೂ ಗ್ಯಾರಂಟಿ. ತಿಮಿಂಗಿಲಕ್ಕೆ ಅದೃಷ್ಟ ಬೇಕು. ಅಲ್ಲಿಯವರೆಗೆ ವುಡ್ಸ್ ಹೋಲ್‌ನವರು ವಾಟ್ಕಿನ್ಸ್ ಸಂಗ್ರಹವನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಸುಮಾರು 900 ಮೀಟರ್ ಆಳದಲ್ಲಿ ಕೂತ ಹೈಡ್ರೋಫೋನಿನ ಧ್ವನಿಮುದ್ರಣಗಳೂ ಅಲ್ಲಿನ ಸಾಗರ ಸಂಸ್ಥೆಯವರ ಜಾಲತಾಣದಲ್ಲಿ ಸಿಗುತ್ತವೆ. ಕೇಳುವಾಗ ಮೊಬೈಲಿನ ಸ್ಪೀಕರ್ ಬೇಡ, ಆ ಮಂದ್ರ ಅದರಲ್ಲಿ ಬರುವುದೇ ಇಲ್ಲ. ಕಿವಿ ಪೂರ್ತಿ ಮುಚ್ಚುವಂಥ ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ.